ಮನೆಯ ಮರಗೆಲಸದ ಕಾರ್ಯಾಗಾರ

ಮನೆಯ ಮರಗೆಲಸದ ಕಾರ್ಯಾಗಾರ ಎಂಬುದು ಹವ್ಯಾಸಕ್ಕಾಗಿ ಅಥವಾ ಗೃಹೋಪಯೋಗಿ ವಸ್ತುಗಳನ್ನು ಸ್ವತಃ ತಯಾರಿಸಿಕೊಳ್ಳುವುದಕ್ಕಾಗಿ ಮನೆಯ ಆವರಣದಲ್ಲಿಯೇ, ಸಾಮಾನ್ಯವಾಗಿ ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ, ಏರ್ಪಡಿಸಿಕೊಂಡ ಕೆಲಸದ ಸ್ಥಳವಾಗಿದೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಸ್ವಂತ ಮನೆ ಮತ್ತು ಸ್ವಂತ ಕಾರು ಹೊಂದಿದವರ ಸಂಖ್ಯೆ ಹೆಚ್ಚಿದಂತೆ ಈ ಪದ್ಧತಿ ವ್ಯಾಪಕವಾಯಿತು. ಅಲ್ಲಿನ ಸಾರ್ವಜನಿಕ ದೂರದರ್ಶನದಲ್ಲಿ 1989ರಿಂದ 2009ರವರೆಗೆ ನಾರ್ಮ್ ಅಬ್ರಾಮ್ ನಡೆಸಿಕೊಟ್ಟ ‘ದಿ ನ್ಯೂ ಯಾಂಕೀ ವರ್ಕ್‌ಶಾಪ್’ ಕಾರ್ಯಕ್ರಮವು ಈ ಹವ್ಯಾಸವನ್ನು ಮನೆಮನೆಗೆ ತಲುಪಿಸಿತು. ಆ ಕಾರ್ಯಕ್ರಮದ ಯಂತ್ರಸಮೃದ್ಧ ಕೊಠಡಿಯನ್ನು ಕಂಡವರಿಗೆ ಕಾರ್ಯಾಗಾರವೆಂದರೆ ಯಂತ್ರಗಳ ಸಂಗ್ರಹವೆಂಬ ಭಾವನೆ ಬರುವುದು ಸಹಜ. ವಾಸ್ತವದಲ್ಲಿ ಯಂತ್ರವಿಲ್ಲದೆಯೂ ಕಾರ್ಯಾಗಾರವಿರಬಹುದು.

ಸ್ಥಳ ಮತ್ತು ವಿನ್ಯಾಸ

ಒಂದು ಕಾರಿನ ಗ್ಯಾರೇಜು ಸುಮಾರು 3 ಮೀಟರ್ ಅಗಲ, 6 ಮೀಟರ್ ಉದ್ದವಿರುತ್ತದೆ. ಇಲ್ಲಿ ವಿನ್ಯಾಸವನ್ನು ನಿರ್ಧರಿಸುವುದು ಯಂತ್ರದ ಗಾತ್ರವಲ್ಲ, ಕೊಯ್ಯಬೇಕಾದ ಹಲಗೆಯ ಉದ್ದ. ಪ್ಲೈವುಡ್ಡಿನ ಪೂರ್ಣ ಹಾಳೆ 8 ಅಡಿ ಉದ್ದ, 4 ಅಡಿ ಅಗಲವಿರುತ್ತದೆ. ಅದನ್ನು ಮೇಜು ಗರಗಸದ ಮೇಲೆ ಉದ್ದಕ್ಕೆ ಸೀಳಬೇಕಾದರೆ ಅಲಗಿನ ಹಿಂದೆ 8 ಅಡಿ, ಮುಂದೆ 8 ಅಡಿ, ಜೊತೆಗೆ ಕೆಲಸಗಾರ ನಿಲ್ಲುವ ಜಾಗ ಬೇಕು. ಆದ್ದರಿಂದ ಗರಗಸವನ್ನು ಬಾಗಿಲಿಗೆ ಅಭಿಮುಖವಾಗಿ ಇರಿಸುತ್ತಾರೆ. ಬಾಗಿಲು ತೆರೆದರೆ ಅಂಗಳವೂ ಕಾರ್ಯಾಗಾರದ ಭಾಗವಾಗುತ್ತದೆ. ಇಷ್ಟೂ ಅವಕಾಶವಿಲ್ಲದವರು ಹಾಳೆಯನ್ನು ನೆಲದ ಮೇಲೆ ದಪ್ಪ ಥರ್ಮೋಕೋಲಿನ ಮೇಲೆ ಹಾಸಿ, ಕೈಯಲ್ಲಿ ಹಿಡಿಯುವ ವೃತ್ತಗರಗಸದಿಂದ ಕೊಯ್ಯುವುದು ಹೆಚ್ಚು ಕ್ಷೇಮ. ಕಾರಿಗೂ ಅದೇ ಜಾಗ ಬೇಕಾಗಿದ್ದಲ್ಲಿ ಯಂತ್ರಗಳಿಗೆ ಬಿಗಿ ಹಾಕಬಹುದಾದ ಚಕ್ರಗಳನ್ನು ಅಳವಡಿಸಿ ಗೋಡೆಗೆ ಸರಿಸುವುದು ರೂಢಿ.

ಗ್ಯಾರೇಜಿನ ನೆಲವು ನೀರು ಹರಿದುಹೋಗಲೆಂದು ಬಾಗಿಲ ಕಡೆಗೆ ಇಳಿಜಾರಾಗಿರುತ್ತದೆ. ಮೇಜಿನ ಕಾಲುಗಳಿಗೆ ಬೆಣೆ ಕೊಟ್ಟು ಮಟ್ಟಗೋಲಿನಿಂದ ನೋಡದಿದ್ದರೆ ಪೆಟ್ಟಿಗೆ, ಕಪಾಟುಗಳನ್ನು ಜೋಡಿಸುವಾಗ ಅವು ಸೊಟ್ಟಗಾಗುತ್ತವೆ. ಕಾಂಕ್ರೀಟು ನೆಲದ ಮೇಲೆ ಬಿದ್ದ ಉಳಿಯ ಬಾಯಿ ಮುಕ್ಕಾಗುವುದರಿಂದ, ಮೇಜಿನ ಮುಂದೆ ರಬ್ಬರ್ ಹಾಸು ಇರುವುದು ಉಳಿಗೂ ಕಾಲಿಗೂ ಒಳ್ಳೆಯದು.

ಕೆಲಸದ ಮೇಜು

ಮೇಜು ಭಾರವಾಗಿರಬೇಕು, ಹತ್ತರಿ ಹೊಡೆಯುವಾಗ ಅಲುಗಾಡುವ ಮೇಜಿನಿಂದ ಪ್ರಯೋಜನವಿಲ್ಲ. ಎತ್ತರವು ಸಾಮಾನ್ಯವಾಗಿ 80ರಿಂದ 90 ಸೆಂಟಿಮೀಟರ್. ನೆಟ್ಟಗೆ ನಿಂತು ಕೈಗಳನ್ನು ಇಳಿಬಿಟ್ಟಾಗ ಮಣಿಕಟ್ಟಿನ ಆಸುಪಾಸಿಗೆ ಮೇಜಿನ ಮೇಲ್ಮೈ ಬಂದರೆ ಹತ್ತರಿಯ ಕೆಲಸಕ್ಕೆ ಅನುಕೂಲ. ಸೂಕ್ಷ್ಮವಾದ ಗುರುತು ಹಾಕುವ ಕೆಲಸಕ್ಕೆ ಇನ್ನೂ ಎತ್ತರ ಬೇಕು. ಫ್ರಾನ್ಸಿನ ಆಂದ್ರೆ ಜಾಕೋಬ್ ರೂಬೋ 1769ರಿಂದ ಪ್ರಕಟಿಸತೊಡಗಿದ ಬೃಹತ್ ಗ್ರಂಥದಲ್ಲಿ ಚಿತ್ರಿಸಿದ ಮೇಜಿನ ಮಾದರಿಯನ್ನು ಇಂದಿಗೂ ಹವ್ಯಾಸಿಗಳು ಅನುಸರಿಸುತ್ತಾರೆ.

ಮೇಜು ಅನಿವಾರ್ಯವೆಂಬುದೂ ಪೂರ್ಣ ಸತ್ಯವಲ್ಲ. ಭಾರತದ ಬಡಗಿಗಳು ತಲೆಮಾರುಗಳಿಂದ ನೆಲದ ಮೇಲೆ ಕುಳಿತು, ಮರವನ್ನು ಪಾದಗಳಿಂದ ಒತ್ತಿ ಹಿಡಿದು, ಬಾಚಿ ಮತ್ತು ಉಳಿಗಳಿಂದ ಬಾಗಿಲುವಾಡಗಳನ್ನೂ ತೊಟ್ಟಿಲುಗಳನ್ನೂ ಮಾಡಿದ್ದಾರೆ. ಆ ಕೌಶಲವು ಬಾಲ್ಯದಿಂದ ಬಂದುದು. ಅರುವತ್ತರ ವಯಸ್ಸಿನಲ್ಲಿ ಮಂಡಿ ಮಡಿಸಲಾರದವರಿಗೆ ಮೇಜೇ ಗತಿ.

ಮೊದಲ ಉಪಕರಣಗಳು

ಆರಂಭಿಕರಿಗೆ ಕೊಡಲಾಗುವ ಉಪಕರಣಗಳ ಪಟ್ಟಿಗಳು ಬಹುಮಟ್ಟಿಗೆ ಅಂಗಡಿಯವರಿಗೆ ಹಿತವಾದವು. ಮೂಲೆಮಟ್ಟ, ಅಳತೆಪಟ್ಟಿ, ಗುರುತು ಗೀರುವ ಚಾಕು, ಒಂದು ಗರಗಸ, 6, 12 ಮತ್ತು 25 ಮಿಲಿಮೀಟರ್ ಅಗಲದ ಮೂರು ಉಳಿಗಳು, ಕೊಡತಿ, ಹತ್ತರಿ ಅಥವಾ ಉಜ್ಜುಗೊರಡು, ಬೈರಿಗೆ, ನಾಲ್ಕು ಕ್ಲಾಂಪುಗಳು, ಒಂದು ಸಾಣೆಕಲ್ಲು: ಇಷ್ಟರಿಂದ ಪುಸ್ತಕದ ಕಪಾಟನ್ನು ಮಾಡಬಹುದು. ಪಾಶ್ಚಾತ್ಯ ಗರಗಸಗಳು ದೂಡಿದಾಗ ಕೊಯ್ಯುತ್ತವೆ, ಜಪಾನಿನವು ಎಳೆದಾಗ. ಎಳೆತದಲ್ಲಿ ಅಲಗು ಬಾಗುವುದಿಲ್ಲವಾದ್ದರಿಂದ ಅದನ್ನು ತೆಳ್ಳಗೆ ಮಾಡಬಹುದು, ಕೊಯ್ತವೂ ಕಿರಿದಾಗಿರುತ್ತದೆ.

ಸಾಣೆಕಲ್ಲನ್ನು ಕೊನೆಗೆ ಕೊಳ್ಳುವವರೇ ಹೆಚ್ಚು. ಅದು ಮೊದಲು ಬರಬೇಕಾದ ವಸ್ತು. ಹೊಸ ಉಳಿಯೂ ಅಂಗಡಿಯಿಂದ ಪೂರ್ಣ ಹರಿತವಾಗಿ ಬರುವುದು ಅಪರೂಪ. ಅದರ ಹಿಂಬದಿಯನ್ನು ಸಪಾಟುಗೊಳಿಸಿ, ಬಾಯಿಯನ್ನು 25ರಿಂದ 30 ಡಿಗ್ರಿ ಕೋನದಲ್ಲಿ ಸಾಣೆ ಹಿಡಿಯಬೇಕು. ಮೊಂಡು ಉಳಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಬಲ ಹೆಚ್ಚಾದಾಗ ಕೈ ಜಾರುತ್ತದೆ. ಹರಿತವಾದ ಉಳಿಗಿಂತ ಮೊಂಡು ಉಳಿಯೇ ಅಪಾಯಕಾರಿ ಎನ್ನುವುದು ಇದೇ ಕಾರಣಕ್ಕೆ.

ವಿದ್ಯುತ್ತು

ಭಾರತದ ಮನೆಗಳಲ್ಲಿ 230 ವೋಲ್ಟ್ ವಿದ್ಯುತ್ತಿದ್ದು, 16 ಆಂಪಿಯರ್ ಸಾಕೆಟ್ಟೊಂದರಿಂದ ಗರಿಷ್ಠ 3,680 ವಾಟ್ ಪಡೆಯಬಹುದು. 1,800 ವಾಟಿನ ಗರಗಸವನ್ನೂ 1,200 ವಾಟಿನ ಧೂಳು ಹೀರುವ ಯಂತ್ರವನ್ನೂ ಒಟ್ಟಿಗೆ ನಡೆಸಿದರೆ ಈ ಮಿತಿಯೊಳಗೇ ಇರುತ್ತದೆ. ಆದರೆ 6 ಆಂಪಿಯರ್ ಸಾಕೆಟ್ಟಿಗೆ, ಅಥವಾ ತೆಳುತಂತಿಯ ವಿಸ್ತರಣಾ ಪಟ್ಟಿಗೆ ಇವನ್ನು ಜೋಡಿಸಬಾರದು. ದೀಪಗಳಿಗೆ ಪ್ರತ್ಯೇಕ ಮಾರ್ಗವಿರುವುದು ಅತ್ಯಗತ್ಯ. ಇಲ್ಲವಾದರೆ ಯಂತ್ರದ ಹೊರೆಗೆ ವಿದ್ಯುತ್ತು ಕಡಿತಗೊಂಡಾಗ ದೀಪವೂ ಆರಿ, ಇನ್ನೂ ತಿರುಗುತ್ತಿರುವ ಅಲಗಿನ ಮುಂದೆ ಕತ್ತಲಲ್ಲಿ ನಿಲ್ಲಬೇಕಾಗುತ್ತದೆ. 30 ಮಿಲಿಆಂಪಿಯರಿನ ಸೋರಿಕೆ ರಕ್ಷಕವನ್ನು ವಿದ್ಯುತ್ ಕೆಲಸಗಾರರಿಂದ ಹಾಕಿಸಿಕೊಳ್ಳಬೇಕು.

ಅಪಾಯಗಳು

ಬೆರಳಿನ ಅಪಾಯ ಎಲ್ಲರಿಗೂ ತಿಳಿದುದು. ಮೇಜು ಗರಗಸದಲ್ಲಿ ಸೀಳಿದ ಮರ ಒಳಮುಖವಾಗಿ ಮುಚ್ಚಿಕೊಂಡು ಅಲಗನ್ನು ಕಚ್ಚಿದರೆ, ಹಲಗೆಯು ಕೆಲಸಗಾರನತ್ತ ರಭಸದಿಂದ ಚಿಮ್ಮುತ್ತದೆ. ಕೈಯೂ ಅದರೊಂದಿಗೆ ಅಲಗಿನತ್ತ ಎಳೆಯಲ್ಪಡಬಹುದು. ಇದನ್ನು ತಡೆಯಲೆಂದೇ ಅಲಗಿನ ಹಿಂದೆ ಸೀಳುಪಟ್ಟಿ ಇರುತ್ತದೆ. ಅಡ್ಡಿಯೆಂದು ಅದನ್ನು ಕಳಚಿಡುವ ಅಭ್ಯಾಸ ಅನುಭವಿಗಳಲ್ಲಿಯೂ ಇದೆ, ಅದು ಸಮರ್ಥನೀಯವಲ್ಲ. ತಿರುಗುವ ಯಂತ್ರಗಳ ಬಳಿ ಕೈಗವಸು, ಸಡಿಲ ತೋಳಿನ ಅಂಗಿ, ಉಂಗುರಗಳು ಸಲ್ಲ.

ಧೂಳಿನ ಅಪಾಯ ನಿಧಾನವಾದುದರಿಂದ ಅದನ್ನು ಲಘುವಾಗಿ ಕಾಣುತ್ತಾರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಅದರ ಸುತ್ತಲಿನ ಕುಹರಗಳು ಮುಖ್ಯವಾಗಿ ಬಾಧೆಗೊಳಗಾಗುತ್ತವೆ. ಕಣ್ಣಿಗೆ ಕಾಣುವ ಹುಡಿ ನೆಲಕ್ಕೆ ಬೀಳುತ್ತದೆ. ಉಜ್ಜುಕಾಗದದಿಂದ ಏಳುವ ನವಿರಾದ ಧೂಳು ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತಿದ್ದು ಶ್ವಾಸಕೋಶದವರೆಗೆ ಇಳಿಯುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು. ಎನ್-95 ದರ್ಜೆಯ ಮುಖಗವಸು ಬೇಕು, ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಅದನ್ನು ತೆಗೆಯಬಾರದು. ಒಣಪೊರಕೆಯಿಂದ ಗುಡಿಸಿದರೆ ಕೆಳಗೆ ಕುಳಿತ ಧೂಳು ಮತ್ತೆ ಮೇಲೇಳುತ್ತದೆ.

ಮೂರನೆಯದು ಬೆಂಕಿ. ಅಗಸೆ ಎಣ್ಣೆಯನ್ನು ಮರಕ್ಕೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ, ಎಣ್ಣೆಯು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಒಣಗುವಾಗ ಹುಟ್ಟುವ ಶಾಖ ಹೊರಹೋಗಲಾರದೆ, ಕಿಡಿಯಿಲ್ಲದೆಯೇ ಬಟ್ಟೆ ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಗಳನ್ನು ಬಯಲಿನಲ್ಲಿ ಒಂದೊಂದಾಗಿ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿಡಬೇಕು. ಕಾರು, ಪೆಟ್ರೋಲು, ಮರದ ಹುಡಿ ಮೂರೂ ಇರುವ ಗ್ಯಾರೇಜಿನಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು.

ತೇವಾಂಶ ಮತ್ತು ಮರದ ಆಯ್ಕೆ

ಮರವು ಸುತ್ತಲಿನ ತೇವಕ್ಕೆ ಅನುಗುಣವಾಗಿ ಹಿಗ್ಗಿ ಕುಗ್ಗುತ್ತದೆ. ಈ ಬದಲಾವಣೆ ಎಳೆಗೆ ಅಡ್ಡಲಾಗಿ ಹೆಚ್ಚು, ಉದ್ದಕ್ಕೆ ಅತ್ಯಲ್ಪ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65 ಇರುವಲ್ಲಿ ಮರದ ತೇವ ಸುಮಾರು ಶೇ. 12ಕ್ಕೆ ನಿಲ್ಲುತ್ತದೆ, ಶೇ. 80ರಲ್ಲಿ ಸುಮಾರು 16ಕ್ಕೆ. ಮಂಗಳೂರಿನ ಮಳೆಗಾಲದಲ್ಲಿ ಬಿಗಿಯಾಗಿ ಕೂಡಿಸಿದ ಬಾಗಿಲ ಹಲಗೆ ಬಳ್ಳಾರಿಯ ಬೇಸಗೆಯಲ್ಲಿ ಬಿರುಕು ಬಿಡುವುದು ಬಡಗಿಯ ತಪ್ಪಲ್ಲ. ಹಲಗೆಗಳನ್ನು ನೆಲಕ್ಕೆ ತಾಗದಂತೆ, ನಡುವೆ ಸಮದಪ್ಪದ ಪಟ್ಟಿಗಳನ್ನಿಟ್ಟು ಅಟ್ಟಿ ಹಾಕಿ, ಕೆಲವು ವಾರ ಆ ಸ್ಥಳದ ಹವೆಗೆ ಹೊಂದಿಕೊಳ್ಳಲು ಬಿಡಬೇಕು. ಕರಾವಳಿ ಮತ್ತು ಮಲೆನಾಡುಗಳಲ್ಲಿ ಉಕ್ಕಿನ ಉಪಕರಣಗಳಿಗೆ ತೆಳುವಾಗಿ ಎಣ್ಣೆ ಸವರಿಡದಿದ್ದರೆ ತುಕ್ಕು ಹಿಡಿಯುತ್ತದೆ.

ತೇಗ ಉತ್ತಮವಾದರೂ ಬೆಲೆ ಹೆಚ್ಚು, ಕಲಿಯುವವರು ಕೆಡಿಸಲು ತಕ್ಕುದಲ್ಲ. ಬೀಟೆಯ ಧೂಳು ಕೆಲವರಿಗೆ ಚರ್ಮದ ತುರಿಕೆ ತರುತ್ತದೆ. ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಮತ್ತು ಹಲಸು ಅಭ್ಯಾಸಕ್ಕೆ ಸೂಕ್ತ. ಚಿಕ್ಕ ಕಡೆತದ ಯಂತ್ರವಿದ್ದವರು ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರವನ್ನು ಪ್ರಯತ್ನಿಸಬಹುದು. ಅದು ಬಿಳುಪು, ಮೆದು, ನಯವಾದ ಎಳೆಯದು. ಸರಕು ಸಾಗಣೆಯ ಪೈನ್ ಪ್ಯಾಲೆಟ್ಟುಗಳನ್ನು ಬಿಚ್ಚಿಯೂ ಅಗ್ಗವಾಗಿ ಮರ ಪಡೆಯಬಹುದು. ಅವುಗಳ ಮೇಲೆ ‘ಎಚ್.ಟಿ.’ ಅಕ್ಷರಗಳ ಮುದ್ರೆಯಿದ್ದರೆ ಶಾಖದಿಂದ ಸಂಸ್ಕರಿಸಿದ ಮರವೆಂದರ್ಥ, ‘ಎಂ.ಬಿ.’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲಕ್ಕೆ ಒಡ್ಡಿದ್ದು, ಅದನ್ನು ಬಳಸಬಾರದು.