ಹಳ್ಳದ ನೀರು ಕೆಂಪಾಗುವುದೇಕೆ?

ಮುಂಗಾರು ಹಿಡಿಯಿತೆಂದರೆ ಉತ್ತರ ಕನ್ನಡದ ಹಳಿಯಾಳ, ಮುಂಡಗೋಡದ ಹೊಲಗಳ ಪಕ್ಕದ ಹಳ್ಳಗಳು ಕೆಂಪಗೆ ಹರಿಯತೊಡಗುತ್ತವೆ. ಅಲ್ಲಿಗಿಂತ ಹೆಚ್ಚು ಮಳೆ ಸುರಿಯುವ ಜೋಯಿಡಾದ ದಟ್ಟ ಕಾಡಿನೊಳಗಿನ ತೊರೆ ಮಾತ್ರ ಎಷ್ಟೋ ತಿಳಿಯಾಗಿರುತ್ತದೆ. ಹೀಗೇಕೆಂದು ಶಾಲೆಯ ಮಕ್ಕಳು ಕೇಳಿದರೆ ಉತ್ತರ ಕಾಡಿನ ನೆಲದ ಮೇಲೇ ಬಿದ್ದಿದೆ.

ಅದೇ ದರಕು, ಅಂದರೆ ಒಣಗಿ ಉದುರಿದ ಎಲೆ.

ದೊಡ್ಡ ಮಳೆಹನಿ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಬರಿಮಣ್ಣಿಗೆ ಬಿದ್ದರೆ ಹೆಂಟೆ ಒಡೆದು ನುಣ್ಣನೆಯ ಕಣಗಳು ಸಿಡಿಯುತ್ತವೆ, ಮಣ್ಣಿನ ಸಣ್ಣ ತೂತುಗಳನ್ನು ಮುಚ್ಚುತ್ತವೆ. ಇಂಗಬೇಕಾದ ನೀರು ಮಣ್ಣನ್ನೂ ಹೊತ್ತು ಓಡುತ್ತದೆ. ದರಕಿದ್ದ ಕಡೆ ಹನಿಯ ಪೆಟ್ಟನ್ನು ಎಲೆ ತಿನ್ನುತ್ತದೆ. ಕಾಡಿನಲ್ಲಿ ಆ ಹಾಸನ್ನು ಮೆಲ್ಲಗೆ ಸರಿಸಿ ನೋಡಬೇಕು: ಮೇಲೆ ಗರಿಗರಿಯಾದ ಸಾಗವಾನಿ ಎಲೆ, ಅದರಡಿ ನರಗಳಷ್ಟೇ ಉಳಿದ ಎಲೆ, ಇನ್ನೂ ಕೆಳಗೆ ಬಿಳಿ ಶಿಲೀಂಧ್ರದ ಎಳೆಗಳು, ಕೊನೆಗೆ ಕೈಗೆ ಪುಡಿಪುಡಿಯಾಗಿ ಸಿಗುವ ಕಪ್ಪು ಮಣ್ಣು. ಗೆದ್ದಲು, ಎರೆಹುಳು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸೇರಿ ಮಾಡಿದ ಕೆಲಸವಿದು. ಇಂಥ ಮೇಲ್ಮಣ್ಣು ಒಂದೇ ಒಂದು ಸೆಂಟಿಮೀಟರ್ ಕೂಡಲು ನೂರಾರು ವರ್ಷ ಬೇಕು. ತೊಳೆದುಹೋಗಲು ಕೆಲವು ಜೋರು ಮಳೆ ಸಾಕು.

ಇದನ್ನು ತರಗತಿಯಲ್ಲೇ ತೋರಿಸಬಹುದು. ಎರಡು ಪ್ಲಾಸ್ಟಿಕ್ ಬಾಟಲಿಗಳ ಒಂದು ಪಕ್ಕ ಕತ್ತರಿಸಿ, ಮಣ್ಣು ತುಂಬಿ, ಬಾಯಿ ಕೆಳಗಾಗುವಂತೆ ಓರೆಯಾಗಿ ಮಲಗಿಸಬೇಕು. ಒಂದರ ಮೇಲೆ ದರಕು ಹಾಸಿ, ಇನ್ನೊಂದನ್ನು ಬರಿದೇ ಬಿಟ್ಟು, ಎರಡಕ್ಕೂ ಒಂದೊಂದು ಚೊಂಬು ನೀರನ್ನು ಚಿಮುಕಿಸಬೇಕು. ಬಾಯಿಯ ಕೆಳಗಿಟ್ಟ ಲೋಟಗಳಲ್ಲಿ ಬೀಳುವ ನೀರಿನ ಬಣ್ಣವನ್ನು ಮಕ್ಕಳೇ ಹೋಲಿಸಿ ಹೇಳುತ್ತಾರೆ.

ಕೊಚ್ಚಿಹೋದ ಮಣ್ಣು ಎಲ್ಲಿಗೆ ಹೋಗುತ್ತದೆ? ಜೋಯಿಡಾದ ದಿಗ್ಗಿಯ ಬಳಿ ಹುಟ್ಟುವ ಕಾಳಿ ನದಿಗೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಅಡ್ಡ ನಿಂತಿದೆ. ಮೇಲಿನ ಇಳಿಜಾರುಗಳಿಂದ ಜಾರಿದ ಮಣ್ಣು ಬಹುಪಾಲು ಜಲಾಶಯದ ತಳದಲ್ಲಿ ಹೂಳಾಗಿ ಕೂರುತ್ತದೆ. ಹೂಳು ಏರಿದಷ್ಟೂ ನೀರಿಗೆ ಜಾಗ ಕಡಿಮೆ. ಕೆಳಗಿನ ದಾಂಡೇಲಿಗೂ ಸೂಪಾದ ನೀರಿನಿಂದ ತಯಾರಾಗುವ ವಿದ್ಯುತ್ತಿಗೂ ಮೇಲಿನ ಗುಡ್ಡದ ಮಣ್ಣಿಗೂ ಸಂಬಂಧವಿರುವುದು ಹೀಗೆ.

ಉತ್ತರ ಕನ್ನಡದ ಅಡಿಕೆ ತೋಟಿಗರು ಬೆಟ್ಟದ ಸೊಪ್ಪು, ದರಕು ತಂದು ಮರದ ಬುಡಕ್ಕೆ ಹಾಕುವುದು ತಲೆತಲಾಂತರದ ರೂಢಿ. ಹಳಿಯಾಳದ ಬಯಲಿಗೂ ಅದೇ ಉಪಾಯ ಒಗ್ಗುತ್ತದೆ, ಅಲ್ಲಿ ದರಕಿನ ಬದಲು ಕಬ್ಬಿನ ರವದಿ, ಅಂದರೆ ಒಣಗಿದ ಕಬ್ಬಿನ ಎಲೆ ಇದೆ. ಕಟಾವಾದ ಮೇಲೆ ಅದಕ್ಕೆ ಬೆಂಕಿ ಕೊಡುವುದು ನಿಜಕ್ಕೂ ದೊಡ್ಡ ನಷ್ಟ: ಹೊದಿಕೆ ಉರಿಯುತ್ತದೆ, ಮೇಲ್ಪದರದ ಜೀವಿಗಳೂ ಸಾಯುತ್ತವೆ. ಸಾಲುಗಳ ನಡುವೆ ಹರಡಿ ಬಿಟ್ಟರೆ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ರವದಿಯೇ ಕೊಳೆತು ಕೂಳೆ ಬೆಳೆಗೆ ಗೊಬ್ಬರವಾಗುತ್ತದೆ. ಗೋವಿನಜೋಳದ ಹೊಲ ಇಳಿಜಾರಿನಲ್ಲಿದ್ದರೆ ಅಡ್ಡಲಾಗಿ ಉತ್ತು, ಬದುವಿನ ಮೇಲೆ ಹುಲ್ಲು ಬೆಳೆಸುವುದೂ ಬೇಕು.