ಸಣ್ಣ ವರ್ತಕರೂ ಕಾಲವಿನಿಯೋಗವೂ

ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ನೆಯ ಇಸವಿ ಸೆಪ್ಟೆಂಬರ್ ೧೦ರಂದು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವೊಂದನ್ನು ತೆರೆದ ಮೇಲೆ, ಈ ಊರಿನ ಭಾಷಣಕಾರರು ಹೊಸದೊಂದು ಶಿಸ್ತನ್ನು ಕಲಿಯಬೇಕಾಯಿತು. ಸಭೆಯಲ್ಲಿ ಮಾತನಾಡುವವನು ಅರ್ಧ ಗಂಟೆ ಹೆಚ್ಚಾಗಿ ಮಾತನಾಡಿದರೆ ಸಭಿಕರು ಆಕಳಿಸುತ್ತಾರೆ, ಅಷ್ಟೆ. ಬಾನುಲಿಯಲ್ಲಾದರೋ ಗೊತ್ತಾದ ನಿಮಿಷ ಮುಗಿದೊಡನೆ ಮಾತು ನಿಲ್ಲಲೇಬೇಕು. ಆದಕಾರಣ ಏನನ್ನು ಹೇಳಬೇಕೆಂಬುದರ ಜೊತೆಗೇ ಏನನ್ನು ಬಿಡಬೇಕೆಂಬುದನ್ನೂ ಮೊದಲೇ ನಿಶ್ಚಯಿಸಿಕೊಂಡು ಬರಬೇಕಾಗುತ್ತದೆ. ಈ ನಿಶ್ಚಯವು ಭಾಷಣಕಾರರಿಗಿಂತ ಹೆಚ್ಚಾಗಿ ಬೇಕಾಗಿರುವುದು ನಮ್ಮ ಬೀದಿಗಳ ಸಣ್ಣ ವರ್ತಕರಿಗೆ. ಅದನ್ನು ಕುರಿತು ಈಗ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ನಗರದ ಪೂರ್ವದಿಕ್ಕಿನಲ್ಲಿ, ಉದಯಗಿರಿಯ ನೆರೆಯಲ್ಲಿರುವ ರಾಜೀವನಗರವನ್ನು ನಮ್ಮಲ್ಲಿ ಅನೇಕರು ಬಲ್ಲರು. ದೊಡ್ಡ ಬಂಡವಾಳದ ಮಳಿಗೆಗಳು ಅಲ್ಲಿ ಕಡಮೆ. ದಿನಸಿ ಅಂಗಡಿ, ಬೇಕರಿ, ಹೊಲಿಗೆಯ ಅಂಗಡಿ, ಚಹಾದಂಗಡಿ, ಮೊಬೈಲು ರಿಪೇರಿ, ಪಂಕ್ಚರ್ ಹಾಕುವ ಅಂಗಡಿ ಇಂಥವು ಹೆಚ್ಚು. ಇವುಗಳಲ್ಲಿ ಬಹುಪಾಲು ಒಬ್ಬನೇ ಯಜಮಾನನ ಮೇಲೆ, ಹೆಚ್ಚೆಂದರೆ ಅವನ ಮನೆಯವರ ನೆರವಿನ ಮೇಲೆ ನಡೆಯತಕ್ಕವು.

ಅಂಥ ಒಬ್ಬ ದಿನಸಿ ಅಂಗಡಿಕಾರರನ್ನು ಮನಸ್ಸಿಗೆ ತಂದುಕೊಳ್ಳೋಣ. ಬೆಳಗ್ಗೆ ಆರು ಗಂಟೆಗೆ ಹಾಲಿನ ಗಿರಾಕಿಗಳಿಗಾಗಿ ಬಾಗಿಲು ತೆರೆಯುತ್ತಾರೆ. ಒಂಬತ್ತರವರೆಗೆ ಬ್ರೆಡ್ಡು, ಮೊಟ್ಟೆ, ಶಾಲೆಗೆ ಹೋಗುವ ಮಕ್ಕಳ ಪೆನ್ಸಿಲು. ಹನ್ನೊಂದಕ್ಕೆ ಮಗನನ್ನು ಕೂರಿಸಿ, ಮುಗಿದುಹೋದ ಸಕ್ಕರೆಯನ್ನೋ ಎಣ್ಣೆಯನ್ನೋ ತರಲು ಸಂತೆಪೇಟೆಗೆ ಹೊರಡುತ್ತಾರೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಕಂಪೆನಿಯ ಏಜೆಂಟು ಬಿಲ್ಲು ಹಿಡಿದು ಬರುತ್ತಾನೆ. ಸಂಜೆ ಗಿರಾಕಿಗಳ ನೂಕುನುಗ್ಗಲು. ರಾತ್ರಿ ಹತ್ತೂವರೆಗೆ ಬಾಗಿಲು ಎಳೆಯುವಾಗ ಹದಿನಾರೂವರೆ ಗಂಟೆಗಳಾಗಿರುತ್ತವೆ. "ಲೆಕ್ಕ ಬರೆದಿರಾ?" ಎಂದು ಕೇಳಿದರೆ, "ಹೊತ್ತೆಲ್ಲಿದೆ ಸ್ವಾಮಿ?" ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಸೋಮಾರಿಗೆ ಹೊತ್ತು ಸಿಗದಿದ್ದರೆ ಅದು ಅವನ ತಪ್ಪು. ಹದಿನಾರೂವರೆ ಗಂಟೆ ದುಡಿದವನಿಗೆ ಹೊತ್ತು ಸಿಗದಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಕಾಲವಿನಿಯೋಗವನ್ನು ಕುರಿತ ಪುಸ್ತಕಗಳಿಗೆ ಈಗ ಕೊರತೆಯಿಲ್ಲ. ಅವುಗಳಲ್ಲಿ ಬಹುವಾಗಿ ಕಾಣುವ ಉಪದೇಶವೊಂದುಂಟು. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಅವರು ೧೯೫೪ರ ಒಂದು ಭಾಷಣದಲ್ಲಿ, ತುರ್ತಾದ ಕೆಲಸ ಬೇರೆ, ಮುಖ್ಯವಾದ ಕೆಲಸ ಬೇರೆ ಎಂಬ ಭೇದವನ್ನು, ಅದು ಕಾಲೇಜೊಂದರ ಮುಖ್ಯಸ್ಥರ ಮಾತೆಂದು ಹೇಳಿ, ಎತ್ತಿ ತೋರಿಸಿದರು. ಮುಂದಿನವರು ಅದನ್ನು ನಾಲ್ಕು ಮನೆಗಳ ಕೋಷ್ಟಕವಾಗಿ ಬರೆದು, ಮುಖ್ಯವಾದುದನ್ನು ಮೊದಲು ಮಾಡಿರಿ, ಮುಖ್ಯವಲ್ಲದುದನ್ನು ಇತರರಿಗೆ ವಹಿಸಿರಿ ಎಂದು ಸಾರಿದರು. ಮಾತು ಸರಿಯಾದುದೇ. ಆದರೆ ಅದು ಕೋಣೆಯೂ ಕೋಣೆಗೊಂದು ಬಾಗಿಲೂ ಬಾಗಿಲಲ್ಲೊಬ್ಬ ಜವಾನನೂ ಉಳ್ಳವರಿಗೆ ಹೇಳಿದ ಮಾತು. ನಮ್ಮ ಅಂಗಡಿಕಾರರಿಗೆ ಬಾಗಿಲು ತೆರೆದಿರುವುದೇ ಜೀವನೋಪಾಯ. ಎರಡು ರೂಪಾಯಿಯ ಶಾಂಪೂ ಪೊಟ್ಟಣ ಕೇಳುವ ಹುಡುಗನನ್ನು ಮುಖ್ಯನಲ್ಲವೆಂದು ಕಳುಹಿಸಿದರೆ, ನಾಳೆ ಅವನ ತಾಯಿ ಇಪ್ಪತ್ತೈದು ಕಿಲೋ ಅಕ್ಕಿಯನ್ನು ಬೇರೆ ಅಂಗಡಿಯಲ್ಲಿ ಕೊಳ್ಳುತ್ತಾಳೆ. ಆದ್ದರಿಂದ ಗಿರಾಕಿ ಎದುರಿಗಿದ್ದಾಗ ಗಿರಾಕಿಯೇ ಮೊದಲು. ಇದರಲ್ಲಿ ವಾದಕ್ಕೆ ಎಡೆಯಿಲ್ಲ.

ಹಾಗಾದರೆ ತೊಡಕೆಲ್ಲಿ? ಗಿರಾಕಿ ಬಂದು ಕೂಗುತ್ತಾನೆ, ಏಜೆಂಟು ಬಂದು ಕೂಗುತ್ತಾನೆ, ಮುಗಿದುಹೋದ ಸಕ್ಕರೆಯ ಡಬ್ಬಿಯೂ ಒಂದು ಬಗೆಯಲ್ಲಿ ಕೂಗುತ್ತದೆ. ಕೂಗದ ಕೆಲಸಗಳು ನಾಲ್ಕುಂಟು. ದಿನದ ಜಮಾಖರ್ಚನ್ನು ಕಿರ್ದಿಯಲ್ಲಿ ಬರೆಯುವುದು ಒಂದು, ದಾಸ್ತಾನು ನೋಡುವುದು ಎರಡು, ಸಾಲ ಕೊಟ್ಟ ಹಣವನ್ನು ವಸೂಲು ಮಾಡುವುದು ಮೂರು, ಸರ್ಕಾರಕ್ಕೆ ಸಲ್ಲಬೇಕಾದ ತೆರಿಗೆ, ಲೈಸೆನ್ಸುಗಳ ವಾಯಿದೆಯನ್ನು ನೆನಪಿಡುವುದು ನಾಲ್ಕು. ಇವು ಇಂದು ಆಗದಿದ್ದರೆ ಇಂದೇನೂ ಕೆಡದು. ನಾಳೆಯೂ ಕೆಡದು. ಕೆಡುವ ದಿನ ಮಾತ್ರ ಒಟ್ಟಿಗೇ ಕೆಡುತ್ತದೆ.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ೨೦೨೫ನೆಯ ಜುಲೈ ತಿಂಗಳಿನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯವರು ಯು.ಪಿ.ಐ. ಮೂಲಕ ಬಂದ ಹಣದ ವಿವರಗಳನ್ನು ನೋಡಿ, ೨೦೨೧-೨೨ರಿಂದ ಮುಂದಿನ ನಾಲ್ಕು ವರ್ಷಗಳ ವಹಿವಾಟಿಗಾಗಿ ಸಾವಿರಾರು ಸಣ್ಣ ವರ್ತಕರಿಗೆ ನೋಟೀಸು ಕಳುಹಿಸಿದರು. ಹಾವೇರಿಯ ಕಡೆಯ ತರಕಾರಿ ವ್ಯಾಪಾರಿಯೊಬ್ಬರಿಗೆ ೧.೬೩ ಕೋಟಿ ರೂಪಾಯಿ ವಹಿವಾಟಿನ ಮೇಲೆ ೨೯ ಲಕ್ಷ ರೂಪಾಯಿ ತೆರಿಗೆಯ ನೋಟೀಸು ಬಂದುದು ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಹಸಿ ತರಕಾರಿಗೆ ಆ ತೆರಿಗೆಯೇ ಇಲ್ಲವೆಂಬುದನ್ನು ನಾವು ನೆನೆಯಬೇಕು. ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ನಗದು ಮಾತ್ರವೆಂಬ ಫಲಕಗಳು ತೂಗಿದುವು. ಅದೇ ತಿಂಗಳಿನಲ್ಲಿ ಮುಖ್ಯಮಂತ್ರಿಗಳು ವರ್ತಕರ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ, ಮುಂದೆ ನೋಂದಣಿಯನ್ನು ಮಾಡಿಸಿಕೊಳ್ಳತಕ್ಕದ್ದೆಂದೂ ತಿಳಿಸಿದ ಮೇಲೆ ಗಲಿಬಿಲಿ ಶಮನವಾಯಿತು.

ಆ ನೋಟೀಸುಗಳ ನ್ಯಾಯಾನ್ಯಾಯವನ್ನು ಇಲ್ಲಿ ವಿಚಾರಿಸುವುದು ನಮ್ಮ ಉದ್ದೇಶವಲ್ಲ. ಅಂಗಡಿಕಾರರು ಗಮನಿಸಬೇಕಾದುದು ಬೇರೊಂದು. ಸರಕು ಮಾರುವವನ ವಾರ್ಷಿಕ ವಹಿವಾಟು ೪೦ ಲಕ್ಷ ರೂಪಾಯಿ ಮೀರಿದರೆ ನೋಂದಣಿ ಅಗತ್ಯ. ತೆರಿಗೆಯಿಲ್ಲದ ಸರಕನ್ನು ಮಾತ್ರವೇ ಮಾರುವವನಿಗೆ ಅದು ಬೇಡ. ೪೦ ಲಕ್ಷವೆಂದರೆ ದೊಡ್ಡ ಮೊತ್ತವೆಂದು ತೋರುತ್ತದೆ. ೩೬೫ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು ೧೧,೦೦೦ ರೂಪಾಯಿ. ಲಾಭ ಅಲ್ಪವಾಗಿದ್ದರೂ ಇಷ್ಟು ವ್ಯಾಪಾರವಾಗುವ ದಿನಸಿ ಅಂಗಡಿಗಳು ಎಷ್ಟೋ ಇವೆ. ಮೇಲಾಗಿ ಅಂಗಡಿಕಾರರ ಮೊಬೈಲಿಗೆ ಬರುವುದೆಲ್ಲ ವ್ಯಾಪಾರದ ಹಣವಲ್ಲ. ತಮ್ಮನು ತೀರಿಸಿದ ಕೈಗಡ, ಚೀಟಿಯ ಹಣ, ನೆರೆಯವರು ನಗದು ಪಡೆದು ಕಳುಹಿಸಿದ ಹಣ ಎಲ್ಲವೂ ಅದೇ ಖಾತೆಗೆ ಬೀಳುತ್ತದೆ. ಇಂತಿಷ್ಟು ತರಕಾರಿಯದು, ಇಂತಿಷ್ಟು ಸಾಬೂನಿನದು, ಇಂತಿಷ್ಟು ತಮ್ಮನದು ಎಂದು ಬೇರ್ಪಡಿಸಿ ತೋರಿಸಬಲ್ಲುದು ಕಿರ್ದಿಯೊಂದೇ. ಅದನ್ನು ಆಯಾ ದಿನ ಬರೆದರೆ ಕಾಲು ಗಂಟೆಯ ಕೆಲಸ. ನಾಲ್ಕು ವರ್ಷಗಳ ತರುವಾಯ ನೆನಪಿನಿಂದ ಬರೆಯುವೆನೆಂದರೆ ಯಾರಿಂದಲೂ ಸಾಧ್ಯವಾಗದು.

ಆ ಕಾಲು ಗಂಟೆಯನ್ನು ಎಲ್ಲಿಂದ ತರಬೇಕು? ಇದಕ್ಕೆ ಉತ್ತರ ರಾಜೀವನಗರದ ಬೀದಿಯಲ್ಲಿಯೇ ಇದೆ. ಅಲ್ಲಿನ ವರ್ತಕರಲ್ಲಿ ಮುಸಲ್ಮಾನ ಬಾಂಧವರು ಬಹುಮಂದಿ. ಶುಕ್ರವಾರ ಮಧ್ಯಾಹ್ನ ಮಸೀದಿಯಿಂದ ಕರೆ ಬಂದೊಡನೆ ಅಂಗಡಿಯ ಷಟರು ಇಳಿಯುತ್ತದೆ. ಉಳಿದ ದಿನಗಳಲ್ಲಿಯೂ ನಮಾಜಿನ ಹೊತ್ತಿಗೆ ಷಟರನ್ನು ಅರ್ಧಕ್ಕೆ ಎಳೆದು ಹೋಗಿಬರುವವರುಂಟು. ಬಂದ ಗಿರಾಕಿ ಕೋಪಿಸಿಕೊಂಡು ಬೇರೆಡೆಗೆ ಹೋಗುವುದಿಲ್ಲ. "ಭಾಯಿ ನಮಾಜಿಗೆ ಹೋಗಿದ್ದಾರೆ, ಈಗ ಬಂದಾರು" ಎಂದು ಪಕ್ಕದ ಅಂಗಡಿಯವರು ಹೇಳುತ್ತಾರೆ, ಗಿರಾಕಿ ಕಾಯುತ್ತಾನೆ. ಅದೇ ಬೀದಿಯಲ್ಲಿ ಸಂಜೆ ದೀಪ ಹಚ್ಚಿ ಕೈಮುಗಿಯುವ ಅಂಗಡಿಕಾರರ ಮುಂದೆಯೂ ಗಿರಾಕಿ ಎರಡು ನಿಮಿಷ ಸುಮ್ಮನೆ ನಿಲ್ಲುತ್ತಾನೆ. ಹೊತ್ತೇ ಇಲ್ಲವೆನ್ನುವ ಈ ಜನ ದೇವರಿಗಾಗಿ ಹೊತ್ತನ್ನು ತಪ್ಪದೆ ತೆಗೆದಿಟ್ಟಿದ್ದಾರೆ. ಅದು ಬಿಡುವಾದಾಗ ಮಾಡುವ ಕೆಲಸವಲ್ಲ, ಅದರ ಗಳಿಗೆ ಮೊದಲೇ ಗೊತ್ತಾಗಿದೆ, ಆ ಗಳಿಗೆಯನ್ನು ಊರೂ ಒಪ್ಪಿಕೊಂಡಿದೆ. ನಾವು ಹೇಳಬೇಕಾದ ಮುಖ್ಯ ವಿಷಯ ಇಷ್ಟೇ. ಬಿಡುವಾದಾಗ ಮಾಡುವೆನೆಂದ ಕೆಲಸಕ್ಕೆ ಅಂಗಡಿಯಲ್ಲಿ ಎಂದಿಗೂ ಬಿಡುವು ಬರುವುದಿಲ್ಲ. ಗಳಿಗೆ ಗೊತ್ತುಮಾಡಿದ ಕೆಲಸ ಮಾತ್ರ ನಡೆಯುತ್ತದೆ.

ಆದಕಾರಣ ಮೂರು ಗಳಿಗೆಗಳನ್ನು ಗೊತ್ತುಮಾಡಿಕೊಳ್ಳಬೇಕೆಂದು ನಮ್ಮ ಸಲಹೆ. ಮೊದಲನೆಯದು ದಿನದ ಕಾಲು ಗಂಟೆ. ಇದು ರಾತ್ರಿ ಬೇಡ. ದಣಿದ ಕಣ್ಣಿಗೆ ಅಂಕಿಗಳು ತಪ್ಪಾಗಿ ಕಾಣುತ್ತವೆ. ದಿನಸಿ ಅಂಗಡಿಗೆ ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ಸಾಮಾನ್ಯವಾಗಿ ಮಂದವಾದ ಹೊತ್ತು. ಚಹಾದಂಗಡಿಗೆ, ಹೊಲಿಗೆಯವರಿಗೆ ಅದು ಬೇರೆ ಇರಬಹುದು. ಆ ಹೊತ್ತಿನಲ್ಲಿ ಹಿಂದಿನ ದಿನದ ನಗದನ್ನೂ ಮೊಬೈಲಿಗೆ ಬಂದುದನ್ನೂ ಕೊಟ್ಟ ಸಾಲವನ್ನೂ ಬೇರೆ ಬೇರೆಯಾಗಿ ಬರೆಯುವುದು. ತಿಂಗಳಿಗೆ ಇಪ್ಪತ್ತಾರು ದಿನವೆಂದರೂ ಆರೂವರೆ ಗಂಟೆಗಳಷ್ಟೇ.

ಎರಡನೆಯದು ವಾರದ ಒಂದು ಗಂಟೆ. ಆಗ ದಾಸ್ತಾನನ್ನು ನೋಡಿ, ಬೇಕಾದ ಸರಕಿನ ಪಟ್ಟಿಯನ್ನು ಬರೆಯಬೇಕು. ಈ ಪಟ್ಟಿಯಿಂದ ಹೊತ್ತು ಹುಟ್ಟುತ್ತದೆ. ವಾರಕ್ಕೆ ಆರು ಸಲ ಸಂತೆಪೇಟೆಗೆ ಹೋಗಿ ಬರುವವರು ಒಂದು ಸಲಕ್ಕೆ ಒಂದೂವರೆ ಗಂಟೆಯಂತೆ ಒಂಬತ್ತು ಗಂಟೆ ಕಳೆಯುತ್ತಾರೆ. ಪಟ್ಟಿ ಹಿಡಿದು ಎರಡೇ ಸಲ, ಎರಡೆರಡು ಗಂಟೆ ಹೋದರೆ ನಾಲ್ಕು ಗಂಟೆ. ಉಳಿದ ಐದು ಗಂಟೆಗಳಲ್ಲಿ ಲೆಕ್ಕವೂ ಆಗುತ್ತದೆ, ಒಂದೆರಡು ದಿನ ಮಧ್ಯಾಹ್ನದ ಊಟವೂ ನೆಮ್ಮದಿಯಾಗುತ್ತದೆ.

ಇಲ್ಲಿ ಒಂದು ಆಕ್ಷೇಪವುಂಟು, ಅದು ನ್ಯಾಯವಾದುದೇ. "ದಿನದ ಹಣದಲ್ಲಿ ದಿನದ ಸರಕು ತರುವವನು ವಾರದ ಸರಕನ್ನು ಹೇಗೆ ತಂದಾನು?" ನಿಜ, ಬಂಡವಾಳದ ಕೊರತೆಯನ್ನು ಕಾಲುಗಳ ದುಡಿಮೆಯಿಂದ ತುಂಬಿಸುವುದು ಬಡ ವರ್ತಕರ ದಾರಿ. ಅಂಥವರಿಗೆ ನಾವು ಎಲ್ಲವನ್ನೂ ಒಟ್ಟಿಗೆ ಕೊಳ್ಳಿರೆಂದು ಹೇಳಲಾರೆವು. ಕಿರ್ದಿಯನ್ನು ಎರಡು ತಿಂಗಳು ಬರೆದು ನೋಡಿದರೆ, ಹತ್ತಾರು ಸರಕುಗಳಲ್ಲಿ ನಾಲ್ಕೈದರಿಂದಲೇ ವ್ಯಾಪಾರದ ಬಹುಭಾಗ ನಡೆಯುವುದು ಕಂಡುಬರುವುದುಂಟು. ಕೆಡದಂಥ ಎರಡು ಸರಕುಗಳನ್ನು, ಸಕ್ಕರೆ, ಸಾಬೂನು ಎನ್ನೋಣ, ಮೊದಲು ವಾರಕ್ಕೊಮ್ಮೆ ತರುವಂತೆ ಮಾಡಲಿ. ಮಾರಾಟವಾಗದೆ ಧೂಳು ಹಿಡಿದಿರುವ ಸರಕನ್ನು ಮತ್ತೆ ತರದಿದ್ದರೆ ಅದಕ್ಕೆ ಬೇಕಾದ ಹಣ ಅಲ್ಲಿಂದಲೇ ಹೊರಟೀತು.

ಮೂರನೆಯದು ತಿಂಗಳ ಒಂದು ದಿನ. ನೋಂದಣಿಯಾದವರಿಗೆ ಪ್ರತಿ ತಿಂಗಳ ಲೆಕ್ಕವನ್ನು ಮುಂದಿನ ತಿಂಗಳು ೨೦ರೊಳಗೆ ಸಲ್ಲಿಸುವ ವಾಯಿದೆಯಿದೆ. ತಡವಾದರೆ ತೆರಿಗೆಯಿರುವ ಲೆಕ್ಕಕ್ಕೆ ದಿನಕ್ಕೆ ೫೦ ರೂಪಾಯಿಯಂತೆ, ಗೊತ್ತಾದ ಮಿತಿಯವರೆಗೆ, ಶುಲ್ಕವೂ ಬಾಕಿಯ ಮೇಲೆ ಶೇಕಡ ೧೮ರ ಬಡ್ಡಿಯೂ ಬೀಳುತ್ತದೆ. ವಹಿವಾಟು ೧.೫ ಕೋಟಿ ಮೀರದ ವರ್ತಕರಿಗೆ ಶೇಕಡ ೧ರಂತೆ ಮೂರು ತಿಂಗಳಿಗೊಮ್ಮೆ ಕಟ್ಟುವ ಸುಲಭ ಕ್ರಮವೂ ಉಂಟು; ಅದರ ವಾಯಿದೆ ಮುಂದಿನ ತಿಂಗಳ ೧೮. ಈ ತೇದಿಗಳನ್ನು ಗೋಡೆಯ ಪಂಚಾಂಗದಲ್ಲಿ ಕೆಂಪು ಶಾಯಿಯಿಂದ ಗುರುತಿಟ್ಟು, ಐದು ದಿನ ಮೊದಲೇ ಒಂದು ದಿನವನ್ನು ಅದಕ್ಕೆ ಮೀಸಲಿಡುವುದು ಲೇಸು. ಲೈಸೆನ್ಸು, ಬಾಡಿಗೆ, ವಿದ್ಯುತ್ತಿನ ಬಿಲ್ಲುಗಳನ್ನೂ ಆ ದಿನವೇ ನೋಡಬಹುದು.

ಎಲ್ಲ ಕೆಲಸವೂ ಒಟ್ಟಿಗೆ ಮೇಲೆ ಬಿದ್ದ ದಿನ ಯಾವುದು ಮೊದಲು? ಇದಕ್ಕೂ ಒಂದು ಸರಳವಾದ ಕ್ರಮವನ್ನು ಹೇಳಬಹುದು. ಇಂದು ತಪ್ಪಿದರೆ ಮತ್ತೆ ಸರಿಪಡಿಸಲಾಗದುದು ಮೊದಲು. ಅಂಗಡಿಯ ಬಾಗಿಲನ್ನೇ ಮುಚ್ಚಿಸಬಹುದಾದುದು ಎರಡನೆಯದು. ಬರಬೇಕಾದ ಹಣವನ್ನು ತರುವುದು ಮೂರನೆಯದು. ಉಳಿದುದೆಲ್ಲ ಆಮೇಲೆ. ಗೊತ್ತಾದ ಹೊತ್ತಿನಲ್ಲಿ ಬಾರದ ಏಜೆಂಟನಿಗೆ ನಾಳೆ ಬಾ ಎನ್ನುವ ಧೈರ್ಯವೂ ಆಗ ತಾನಾಗಿ ಬರುತ್ತದೆ.

ಇನ್ನೊಂದು ಮಾತು. ಕರ್ನಾಟಕದ ೧೯೬೧ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಕೂಲಿಯಾಳಿಗೆ ವಾರಕ್ಕೊಂದು ರಜೆಯನ್ನು ಗೊತ್ತುಮಾಡಿತು. ಒಬ್ಬನೇ ದುಡಿಯುವ ಯಜಮಾನನಿಗೆ ರಜೆ ಕೊಡಿಸುವವರು ಯಾರೂ ಇಲ್ಲ. ಮನೆಯಲ್ಲಿಯೇ ಹೊಲಿಗೆ ನಡೆಸುವ ಹೆಂಗಸರ ಪಾಡು ಇನ್ನೂ ಕಷ್ಟ. ಅವರಿಗೆ ಅಂಗಡಿಗೂ ಅಡಿಗೆಮನೆಗೂ ನಡುವೆ ಎಳೆಯಲು ಒಂದು ಷಟರೂ ಇಲ್ಲ. ಇಂಥ ಅಳತೆಯ ಬಟ್ಟೆಯನ್ನು ಇಂಥ ಹೊತ್ತಿನಲ್ಲಿ ಮಾತ್ರ ತೆಗೆದುಕೊಳ್ಳುತ್ತೇವೆಂಬ ಚಿಕ್ಕ ಫಲಕವೊಂದನ್ನು ಬಾಗಿಲಿಗೆ ತೂಗಹಾಕಿದರೂ ಅವರಿಗೆ ಎಷ್ಟೋ ಉಪಕಾರವಾದೀತು.

ಕೊನೆಯದಾಗಿ, ಈ ಮಾತುಗಳನ್ನು ಓದುತ್ತಿರುವವರಲ್ಲಿ ಅಂಗಡಿಕಾರರಿಗಿಂತ ಗಿರಾಕಿಗಳೇ ಹೆಚ್ಚು ಮಂದಿ ಇರಬಹುದು. ಅವರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಬೀದಿಯ ಅಂಗಡಿಯಲ್ಲಿ ಸಾಲ ಬರೆಸಿದವರು ಸಂಬಳ ಬಂದ ದಿನವೇ ತೀರಿಸಿದರೆ, ಅಂಗಡಿಕಾರರು ಮನೆಮನೆಗೆ ಅಲೆಯುವ ಹೊತ್ತು ಉಳಿಯುತ್ತದೆ. ಮಧ್ಯಾಹ್ನ ಅರ್ಧ ಇಳಿದ ಷಟರಿನ ಹಿಂದೆ ಅವರು ಕಿರ್ದಿ ಬರೆಯುತ್ತಿರುವುದು ಕಂಡರೆ, ಬೆಂಕಿಪೊಟ್ಟಣಕ್ಕಾಗಿ ಬಾಗಿಲು ಬಡಿಯದೆ ಹತ್ತು ನಿಮಿಷ ಕಾಯೋಣ. ನಮಾಜಿಗೂ ದೀಪಕ್ಕೂ ನಾವು ಕಾದಿದ್ದೇವೆ. ಲೆಕ್ಕಕ್ಕೂ ಕಾಯುವುದನ್ನು ಕಲಿತರೆ, ಆ ಅಂಗಡಿ ಮುಂದಿನ ವರ್ಷವೂ ನಮ್ಮ ಬೀದಿಯಲ್ಲಿ ಬೆಳಗ್ಗೆ ಆರಕ್ಕೆ ಬಾಗಿಲು ತೆರೆದಿರುತ್ತದೆ.