ವಾಲ್ವ್ ಧ್ವನಿಯ ಇಂಪು: ಗುಣವೋ, ದೋಷವೋ?

ಅಜ್ಜನ ಕಾಲದ ರೇಡಿಯೋ ಗುಂಡಿ ತಿರುಗಿಸಿದ ಕೂಡಲೇ ಮಾತನಾಡುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವ್‌ಗಳು ಕಾಯುವವರೆಗೆ ಮನೆಮಂದಿಯೂ ಕಾಯಬೇಕಿತ್ತು. 1947ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ರೂಪುಗೊಂಡ ಮೇಲೆ ಈ ಕಾಯುವಿಕೆ ಕ್ರಮೇಣ ಕೊನೆಗೊಂಡಿತು. ಆದರೂ ವಾಲ್ವ್ ಆಂಪ್ಲಿಫೈಯರ್‌ಗಳಿಗೆ ದುಬಾರಿ ಬೆಲೆ ತೆರುವವರು ಇಂದಿಗೂ ಇದ್ದಾರೆ. ಇದು ಕೇವಲ ಹಳೆಯದರ ಮೋಹವೇ?

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಕಾದ ಕ್ಯಾಥೋಡ್‌ನಿಂದ ಹೊಮ್ಮುವ ಎಲೆಕ್ಟ್ರಾನ್‌ಗಳು ನಿರ್ವಾತದಲ್ಲಿ ಆನೋಡ್‌ನತ್ತ ಹರಿಯುತ್ತವೆ. ನಡುವಿನ ಗ್ರಿಡ್ ಎಂಬ ಜಾಲರಿ ಈ ಹರಿವನ್ನು ಹಿಡಿದು ಬಿಡುತ್ತದೆ. ಟ್ರಾನ್ಸಿಸ್ಟರ್ ಇದೇ ಕೆಲಸವನ್ನು ಘನವಾದ ಅರೆವಾಹಕದೊಳಗೆ ಮಾಡುತ್ತದೆ. 'ಸಾಲಿಡ್ ಸ್ಟೇಟ್' ಎಂಬ ಹೆಸರು ಬಂದದ್ದು ಹೀಗೆ.

ಅಳತೆಯ ಮಾತಾದರೆ ಗೆಲುವು ಟ್ರಾನ್ಸಿಸ್ಟರ್‌ನದೇ. ಉತ್ತಮ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ಮೂಲ ಸಂಕೇತಕ್ಕೆ ಬೆರೆಯುವ ವಿಕೃತಿ ಶೇ. 0.01ಕ್ಕಿಂತಲೂ ಕಡಿಮೆ ಇರಬಲ್ಲುದು. ಸರಳ ವಾಲ್ವ್ ಆಂಪ್ಲಿಫೈಯರ್‌ನಲ್ಲಿ ಅದು ಶೇ. 1ನ್ನೂ ದಾಟುತ್ತದೆ. ಕುತೂಹಲದ ಸಂಗತಿಯೆಂದರೆ, ಕಿವಿಗೆ ಇಂಪೆನಿಸುವುದು ಈ ವಿಕೃತಿಯೇ! 440 ಹರ್ಟ್ಜ್ ಸ್ವರ ನೀಡಿದರೆ ಇಂತಹ ವಾಲ್ವ್ ಮಂಡಲ ಅದರ ಜತೆಗೆ ಮುಖ್ಯವಾಗಿ 880 ಹರ್ಟ್ಜ್ ಸ್ವರವನ್ನೂ ಅಷ್ಟಿಷ್ಟು ಬೆರೆಸುತ್ತದೆ. ಸಂಗೀತದ ಭಾಷೆಯಲ್ಲಿ ಹೇಳುವುದಾದರೆ, ಮಧ್ಯ ಷಡ್ಜಕ್ಕೆ ತಾರ ಷಡ್ಜ ಸಣ್ಣಗೆ ದನಿಗೂಡಿಸಿದಂತೆ. ಧ್ವನಿ ಮೈದುಂಬಿದಂತೆ ಕೇಳುವುದರಲ್ಲಿ ಆಶ್ಚರ್ಯವಿಲ್ಲ.

ಸಾಮರ್ಥ್ಯ ಮೀರಿ ದುಡಿಸಿದಾಗ ವ್ಯತ್ಯಾಸ ಇನ್ನೂ ಸ್ಪಷ್ಟ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಅಲೆಯ ತುದಿಯನ್ನು ಕತ್ತರಿಸಿದಂತೆ ಚಪ್ಪಟೆ ಮಾಡುತ್ತದೆ. ಕರ್ಕಶತೆ ಹುಟ್ಟುವುದು ಅಲ್ಲಿ. ವಾಲ್ವ್ ಅದೇ ತುದಿಯನ್ನು ಮೆಲ್ಲಗೆ ದುಂಡಾಗಿಸುತ್ತದೆ. ರಾಕ್ ಗಿಟಾರ್ ವಾದಕರು ವಾಲ್ವ್ ಬಿಟ್ಟುಕೊಡದಿರಲು ಇದೇ ಕಾರಣ.

ಹಾಗಾದರೆ ಈ ಗುಣ ವಾಲ್ವ್‌ಗೆ ಮಾತ್ರ ಮೀಸಲೇ? ಅಮೆರಿಕದ ಎಂಜಿನಿಯರ್ ಬಾಬ್ ಕಾರ್ವರ್ 1985ರಲ್ಲಿ 'ಸ್ಟೀರಿಯೋಫೈಲ್' ಪತ್ರಿಕೆಯ ಸವಾಲು ಸ್ವೀಕರಿಸಿ, ತಮ್ಮ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಕೆಲವೇ ದಿನಗಳಲ್ಲಿ ತಿದ್ದಿ, ದುಬಾರಿ ವಾಲ್ವ್ ಆಂಪ್ಲಿಫೈಯರ್‌ನಂತೆಯೇ ಹಾಡಿಸಿದರು. ಪಳಗಿದ ಕಿವಿಯ ಸಂಪಾದಕರಿಗೂ ಆಗ ಅವೆರಡರ ವ್ಯತ್ಯಾಸ ಹಿಡಿಯಲಾಗಲಿಲ್ಲ. ಅಂದರೆ ಇಂಪು ಸುಳ್ಳಲ್ಲ, ಆದರೆ ಅದಕ್ಕೆ ಗಾಜಿನ ಬುರುಡೆಯೇ ಆಗಬೇಕೆಂದಿಲ್ಲ. ವಾಲ್ವ್ ಪ್ರಿಯರು ಈ ಮಾತನ್ನು ಸುಲಭವಾಗಿ ಒಪ್ಪುವುದಿಲ್ಲ ಎನ್ನುವುದು ಬೇರೆ ವಿಚಾರ.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಜಾಲಹಳ್ಳಿಯ ಬಿಇಎಲ್ 1960ರ ದಶಕದಲ್ಲಿ ರೇಡಿಯೋ ವಾಲ್ವ್‌ಗಳನ್ನು ತಯಾರಿಸತೊಡಗಿತು. ಬಿಇಎಲ್ ಮುದ್ರೆಯ ಇಎಲ್84ನಂತಹ ವಾಲ್ವ್‌ಗಳ ಹಳೆಯ ದಾಸ್ತಾನಿಗೆ ವಿದೇಶಗಳಲ್ಲೂ ಗಿರಾಕಿಗಳಿದ್ದಾರೆ. ಹೊಸ ವಾಲ್ವ್‌ಗಳು ಈಗ ಬಹುತೇಕ ರಷ್ಯಾ, ಚೀನಾ ಮತ್ತು ಸ್ಲೊವಾಕಿಯಾದಿಂದ ಬರಬೇಕು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ಪೂರೈಕೆಗೆ ಪೆಟ್ಟು ಬಿದ್ದು ಬೆಲೆ ಏರಿತ್ತು.

ಅಟ್ಟದ ಮೇಲಿನ ಹಳೆಯ ಸೆಟ್ ಇಳಿಸಿ ನೇರ ಪ್ಲಗ್‌ಗೆ ಚುಚ್ಚುವ ಉತ್ಸಾಹಿಗಳಿಗೊಂದು ಎಚ್ಚರಿಕೆ. ದಶಕಗಳ ಕಾಲ ಸುಮ್ಮನಿದ್ದ ಸೆಟ್‌ನ ಕೆಪಾಸಿಟರ್‌ಗಳು ಒಣಗಿರುತ್ತವೆ. ಏಕಾಏಕಿ ವಿದ್ಯುತ್ ಹರಿದರೆ ಒಡೆಯಬಹುದು, ಟ್ರಾನ್ಸ್‌ಫಾರ್ಮರ್ ಸುಡಬಹುದು. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ನೂರಾರು ವೋಲ್ಟ್ ಉಳಿದಿರುವ ಸಾಧ್ಯತೆಯಿದ್ದು, ಪ್ರಾಣಕ್ಕೇ ಅಪಾಯ. ವಾಲ್ವ್ ಸೆಟ್ ಬಲ್ಲ ಮೆಕ್ಯಾನಿಕ್‌ನಿಂದ ಮೊದಲು ಕೆಪಾಸಿಟರ್ ಬದಲಿಸಿ, ಬಲ್ಬ್ ಇರುವ ಸೀರೀಸ್ ಬೋರ್ಡ್ ಮೂಲಕ ಪರೀಕ್ಷಿಸಿದ ನಂತರವಷ್ಟೇ ಗುಂಡಿ ತಿರುಗಿಸಬೇಕು.